ಕೈ ಎತ್ತಿದವರ ವಾಸ

ಚೀಟಿಯಲ್ಲಿ ನಮ್ಮ ಮನೆಯ ಹೆಸರು ಬಂತು. ಊರಸಭೆಯ ಯಜಮಾನರು ದೊಡ್ಡೀರಪ್ಪ ತಾಮ್ರದ ಕೊಳಗಕ್ಕೆ ಕೈ ಹಾಕಿ, ಚೀಟಿ ಬಿಡಿಸಿ, "ಕವಾಟದ ಮಾದಪ್ಪನ ಮನೆ" ಎಂದು ಓದಿದಾಗ ಅಕ್ಕಪಕ್ಕದ ಹೆಂಗಸರು ನನ್ನಿಂದ ಒಂದು ಹೆಜ್ಜೆ ಸರಿದು ನಿಂತರು. ಮಾದಪ್ಪ ನನ್ನ ಗಂಡ. ನಮ್ಮ ಕೇರಿಗೆ ಕಾವು ತರುವ ಕೊಳವೆಯ ಕವಾಟ ತಿರುಗಿಸುವುದು ಅವರ ಕೆಲಸ. ಊರಿಗೆ ಕಾವು ಕಡಿಮೆ ಮಾಡಿದವರು ಬಂದು ಇರಬೇಕಾದದ್ದು ಇನ್ನು ಒಂದು ವರ್ಷ ನಮ್ಮ ಮನೆಯಲ್ಲೇ.

ಏಳು ಗ್ರಹಗಳಿಗೂ ಸೇರಿ ಇರುವುದು ಒಂದು ಮಹಾಸಭೆ. ಒಂದೊಂದು ಊರಿನಿಂದ ಒಬ್ಬ ಸದಸ್ಯರು ಅಲ್ಲಿಗೆ ಹೋಗುತ್ತಾರೆ. ಅಲ್ಲಿ ಯಾರು ಯಾವ ಕಾನೂನಿಗೆ ಕೈ ಎತ್ತಿದರೂ, ಅದರಿಂದ ಹೆಚ್ಚು ಪೆಟ್ಟು ತಿನ್ನುವ ಊರುಗಳಿಗೆ ಒಬ್ಬೊಬ್ಬರಾಗಿ ಹೋಗಿ ಒಂದು ವರ್ಷ ಬಾಳಬೇಕು. ವರ್ಷ ತುಂಬಿದ ಮೇಲೆ ಮಹಾಸಭೆಗೆ ಮರಳಿ, ಅದೇ ಕಾನೂನಿಗೆ ಇನ್ನೊಮ್ಮೆ ಕೈ ಎತ್ತಬೇಕು, ಇಲ್ಲವೇ ಇಳಿಸಬೇಕು. ಇದಕ್ಕೆ ವಾಸ ಎಂದು ಹೆಸರು. ಈ ಕಟ್ಟಳೆಯನ್ನು ಯಾರು ಮಾಡಿದರೋ ನನ್ನ ಅಜ್ಜಿಗೂ ಗೊತ್ತಿರಲಿಲ್ಲ. ವಾಸಕ್ಕೆ ಬಂದವರಿಗೆ ಊರಿನವರಿಗಿಂತ ಹೆಚ್ಚು ಏನೂ ಸಿಗಬಾರದು, ಕಡಿಮೆಯೂ ಆಗಬಾರದು. ಅವರ ಎಡಗೈಯಲ್ಲಿ ಕಳಚಲು ಬಾರದ ಒಂದು ಕಡಗ ಇರುತ್ತದೆ. ಅವರು ಯಾವ ಹೊತ್ತಿನಲ್ಲಿ ಎಷ್ಟು ಕಾವಿನಲ್ಲಿದ್ದರು ಎಂಬುದನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಊರಿಗೆ ಇಲ್ಲದ ಕಾವು ಅವರಿಗೆ ಸಿಕ್ಕಿದ್ದು ತಿಳಿದರೆ ವಾಸವೇ ರದ್ದು, ಕಾನೂನು ಇದ್ದ ಹಾಗೇ ಉಳಿಯುತ್ತದೆ. ಅವರು ಸತ್ತರಂತೂ ಹತ್ತು ವರ್ಷ ಆ ಕಾನೂನನ್ನು ಯಾರೂ ಮುಟ್ಟುವ ಹಾಗಿಲ್ಲ. ಹಿಂದೆ ಎಲ್ಲೋ ಒಂದು ಊರಿನವರು ಸಿಟ್ಟು ತಾಳದೆ ವಾಸಕ್ಕೆ ಬಂದವರನ್ನು ಕೊಂದೇ ಬಿಟ್ಟಿದ್ದರಂತೆ. ಅಂದಿನಿಂದ ಹೀಗೆ.

ನಮ್ಮ ಊರಿಗೆ ಬಿದ್ದ ಪೆಟ್ಟು ಕಾವಿನದು. ಮೊದಲು ದಿನಕ್ಕೆ ಹದಿನಾರು ಗಂಟೆ ಕೊಳವೆಯಲ್ಲಿ ಕಾವು ಹರಿಯುತ್ತಿತ್ತು. ಕಾನೂನು ಬಂದ ಮೇಲೆ ಒಂಬತ್ತೇ ಗಂಟೆ. ಸಂಜೆ ಆರಕ್ಕೆ ಬಂದದ್ದು ಬೆಳಗಿನ ಜಾವ ಮೂರಕ್ಕೆ ಹೊರಟು ಹೋಗುತ್ತದೆ. ಆಮೇಲೆ ಇಡೀ ಹಗಲು ಗೋಡೆಗಳು ಬೆವರಿ, ಆ ಬೆವರೇ ಹೆಪ್ಪುಗಟ್ಟುತ್ತದೆ. ನಮ್ಮ ಸದಸ್ಯೆ ಗಂಗಾಂಬಿಕೆ ಈ ಕಾನೂನು ಬೇಡ ಎಂದು ನಿಂತೇ ಇದ್ದರಂತೆ, ಆದರೆ ಒಂದು ಕೈಗೆ ಎಷ್ಟು ಬಲ.

ಬಂದವರ ಹೆಸರು ಸರ್ವಮಂಗಳಮ್ಮ. ಅರವತ್ತರ ಹತ್ತಿರದ ವಯಸ್ಸು, ಕಡ್ಡಿಯಂಥ ಮೈ. ಸುಡುವ ಗ್ರಹದ ಒಂದು ಊರಿನಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ, ಆಮೇಲೆ ಆ ಊರಿನ ಸದಸ್ಯೆಯಾದವರು. ಹಡಗಿನಿಂದ ಇಳಿದು ಏನೋ ಹೇಳಲು ಬಾಯಿ ತೆರೆದವರು ಗಾಬರಿಯಿಂದ ಕೈ ಅಡ್ಡ ಹಿಡಿದರು. "ನೋಡಮ್ಮಾ, ನನ್ನ ಬಾಯಿಂದ ಹೊಗೆ ಬರ್ತಾ ಇದೆ," ಎಂದರು. ಅಲ್ಲಿ ಸೇರಿದ್ದ ಯಾರೂ ನಗಲಿಲ್ಲ. "ಅದು ಉಸಿರು ಕಣಮ್ಮ. ಇಲ್ಲಿ ಎಲ್ಲಾರ್ಗೂ ಹಂಗೇ," ಎಂದೆ. ದೊಡ್ಡೀರಪ್ಪ ನನ್ನನ್ನು ಪಕ್ಕಕ್ಕೆ ಕರೆದು, "ಚೆಲುವವ್ವ, ಕಾವು ಬರದ ಬಡಗಣ ಕೋಣೇಲಿ ಮಲಗ್ಸು. ಚೆನ್ನಾಗಿ ಗೊತ್ತಾಗ್ಲಿ," ಎಂದರು. "ಅಲ್ಲಿ ನಾವೇ ಮಲಗೋದಿಲ್ಲ ಯಜಮಾನ್ರೇ. ಕಡಿಮೇನೂ ಮಾಡಂಗಿಲ್ಲ ಅಂತ ನೀವೇ ಓದಿದ್ರಲ್ಲ," ಎಂದೆ. ಅವತ್ತಿನಿಂದಲೇ ನನ್ನ ಎದೆಯಲ್ಲಿ ಒಂದು ತಕ್ಕಡಿ ತೂಗಾಡತೊಡಗಿತು. ಈ ಕಡೆ ಒಂದು ಗುಂಜಿ ಹೆಚ್ಚಾಗಬಾರದು, ಆ ಕಡೆ ಒಂದು ಗುಂಜಿ ಕಡಿಮೆಯಾಗಬಾರದು. ಗಂಜಿ ಬಡಿಸುವಾಗ ಪ್ರತಿ ಸೌಟನ್ನೂ ಎರಡು ಸಲ ಅಳೆಯುತ್ತಿದ್ದೆ.

ಮೂರನೆಯ ದಿನ ಸಾಕವ್ವ ಬಂದಳು. ನಮ್ಮಿಂದ ನಾಲ್ಕನೆಯ ಮನೆಯವಳು. ಹಿಂದಿನ ಚಳಿಗಾಲದಲ್ಲಿ ಅವಳ ಐದು ತಿಂಗಳ ಮೊಮ್ಮಗಳು, ಕೆಮ್ಮು ಹತ್ತಿ, ಕಾವು ಇಲ್ಲದ ಹಗಲಿನಲ್ಲಿ, ತೊಟ್ಟಿಲಲ್ಲೇ ತಣ್ಣಗಾಗಿದ್ದಳು. ಹೊಸಿಲು ದಾಟದೆ ನಿಂತು ಸರ್ವಮಂಗಳಮ್ಮನನ್ನೇ ನೋಡಿದಳು. ನಾನು ನಡುವೆ ಬಂದು ನಿಂತೆ. ಏನಾದರೂ ಮಾಡಿಯಾಳು ಎಂಬ ಭಯ. "ಯಾವ ಕೈ ಎತ್ತಿದ್ದು?" ಎಂದು ಸಾಕವ್ವ ಕೇಳಿದಳು. ಸರ್ವಮಂಗಳಮ್ಮ ಎದ್ದು ಬಂದು ಬಲಗೈ ಚಾಚಿದರು. ಸಾಕವ್ವ ಅದನ್ನು ಹಿಡಿದು, ಅಂಗೈ ಮೇಲೆ ಮಾಡಿ, ತಿರುವಿ, ಏನೋ ಹುಡುಕುವವಳ ಹಾಗೆ ನೋಡಿದಳು. "ಇಷ್ಟೇ ಕೈ," ಎಂದಳು. ಹೊರಟು ಹೋದಳು. ಸರ್ವಮಂಗಳಮ್ಮ ಆ ಕೈಯನ್ನು ಬಹಳ ಹೊತ್ತು ಹಾಗೇ ಚಾಚಿಕೊಂಡು ನಿಂತಿದ್ದರು. ಸಾಕವ್ವನ ಮೊಮ್ಮಗಳ ವಿಷಯ ನಾನೇ ಆಮೇಲೆ ಹೇಳಬೇಕಾಯಿತು.

ದಿನ ಕಳೆದ ಹಾಗೆ ಅವರು ನಮ್ಮ ಹಾಗೇ ಆದರು. ಹಗಲೆಲ್ಲ ಕಂಬಳಿ ಹೊದ್ದು ಓಡಾಡುವುದು, ಹೊಲಿಯುವಾಗ ಸೂಜಿಯನ್ನು ಬಾಯಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳುವುದು, ಸಂಜೆ ಆರಕ್ಕೆ ಮಾದಪ್ಪ ಕವಾಟ ತಿರುಗಿಸಿದಾಗ ಕೊಳವೆಯೊಳಗೆ ಟಕ್ ಟಕ್ ಎನ್ನುವ ಸದ್ದಿಗೆ ಮಾತು ನಿಲ್ಲಿಸಿ ಕಿವಿಗೊಡುವುದು. ದೂರು ಹೇಳಲಿಲ್ಲ, ಒಂದು ಸಲವೂ. ನನಗೆ ಅದೇ ಹೆದರಿಕೆ. ಇಷ್ಟು ಸುಲಭವಾಗಿ ತಡೆದುಕೊಂಡರೆ ಮತ್ತೆ ಕೈ ಎತ್ತುತ್ತಾರೆ ಎಂದು ದೊಡ್ಡೀರಪ್ಪ ಬಂದಾಗಲೆಲ್ಲ ಗೊಣಗುತ್ತಿದ್ದರು. ಕೈ ಎತ್ತುತ್ತೀರೋ ಇಳಿಸುತ್ತೀರೋ ಎಂದು ವಾಸದ ಮನೆಯವರು ಕೇಳುವ ಹಾಗಿಲ್ಲ. ಕೇಳದೆ ಇರುವುದು ಹೇಗೆ?

ನಾಲ್ಕನೆಯ ತಿಂಗಳಿರಬೇಕು. ಬಟ್ಟೆ ಒಗೆದ ನೀರನ್ನು ಮೋರಿಗೆ ಚೆಲ್ಲಿದೆ. ಒಳಗಿಂದ ಸರ್ವಮಂಗಳಮ್ಮ "ಅಯ್ಯೋ!" ಎಂದು ಚೀರಿದರು. ಏನಾಯಿತೋ ಎಂದು ಓಡಿದೆ. ಅವರು ಕಿಟಕಿಯಿಂದ ಮೋರಿಯನ್ನೇ ನೋಡುತ್ತಿದ್ದರು. "ನಮ್ಮ ಊರಿನಲ್ಲಿ ಒಂದು ಮನೆಗೆ ವಾರಕ್ಕೆ ನಾಲ್ಕು ಕೊಡ," ಎಂದರು. "ಮಗು ಹುಟ್ಟಿದರೆ ಐದು." ಆಮೇಲೆ ನಿಧಾನವಾಗಿ ಹೇಳಿದರು. ನಮ್ಮ ಗ್ರಹದ ಮಂಜುಗಡ್ಡೆ ಕಡಿದು ಅವರ ಕಡೆಗೆ ಸಾಗಿಸುತ್ತಿದ್ದುದನ್ನು ನಿಲ್ಲಿಸಬೇಕು ಎಂಬ ಕಾನೂನು ಅದೇ ಅಧಿವೇಶನದಲ್ಲಿ ಮೊದಲು ಬಂದದ್ದು. "ಅದಕ್ಕೆ ನಿಮ್ಮ ಗಂಗಾಂಬಿಕೆ ಕೈ ಎತ್ತಿದರು. ನಮಗೆ ಪಾತಾಳದಿಂದ ನೀರು ಎತ್ತದೆ ಬೇರೆ ದಾರಿ ಇರಲಿಲ್ಲ ಚೆಲುವಾ. ಯಂತ್ರಕ್ಕೆ ಉರುವಲು ಬೇಕು. ಹದಿನೈದು ದಿನ ಬಿಟ್ಟು, ನಿಮ್ಮ ಕಾವಿನ ಉರುವಲು ಕಡಿಮೆ ಮಾಡಿ ಆ ಯಂತ್ರಕ್ಕೆ ಕೊಡುವ ಕಾನೂನಿಗೆ ನಾನು ಕೈ ಎತ್ತಿದೆ. ಈಗ ನಿಮ್ಮ ಗಂಗಾಂಬಿಕೆ ನಮ್ಮ ಊರಿನಲ್ಲಿ ವಾಸಕ್ಕಿದ್ದಾರೆ."

ಮಂಜುಗಡ್ಡೆಯ ಕಾನೂನು ಗೆದ್ದ ಸುದ್ದಿ ಬಂದ ದಿನ ಕೇರಿಗೆಲ್ಲ ಹೋಳಿಗೆ ಹಂಚಿದವಳು ನಾನು. ನಮ್ಮ ಮೊಮ್ಮಕ್ಕಳ ಕಾಲಕ್ಕೂ ಮಂಜುಗಡ್ಡೆ ಉಳಿಯಲಿ ಎಂದು ಎಲ್ಲರೂ ಹಾಡಿದ್ದೆವು. ಅದು ಯಾರ ಕೊಡದಿಂದ ಬಂದ ಹೋಳಿಗೆ ಎಂದು ಯಾರು ಕೇಳಿದ್ದರು. ಆ ಮಾತನ್ನು ನಾನು ಸರ್ವಮಂಗಳಮ್ಮನಿಗೆ ಹೇಳಲಿಲ್ಲ. ಊರಿಗೂ ಹೇಳಲಿಲ್ಲ. ಹೇಳಿದರೆ ಅವರ ಕಡೆ ಸೇರಿದಳು ಅನ್ನುತ್ತಾರೆ ಎಂಬ ಅಂಜಿಕೆ.

ಎಂಟನೆಯ ತಿಂಗಳಲ್ಲಿ ಕೆಮ್ಮು ಶುರುವಾಯಿತು. ನಾಲ್ಕು ದಿನದಲ್ಲಿ ಅದು ಎದೆಗೆ ಇಳಿದು, ಉಸಿರೆಳೆದರೆ ಒಣಗಿದ ತೊಗಲು ಹರಿದಂತೆ ಸದ್ದು. ಊರಿನ ವೈದ್ಯರು ಬಂದು, ಬೆನ್ನಿಗೆ ಕಿವಿಯಿಟ್ಟು ಕೇಳಿ, "ಔಷಧಿ ಕೊಡ್ತೀನಿ. ಆದರೆ ಹಗಲು ಹೊತ್ತಿನ ಕಾವು ಬೇಕು ಇವರಿಗೆ," ಎಂದರು. ಅದೇ ಮಾತನ್ನು ಹಿಂದಿನ ವರ್ಷ ಹನ್ನೊಂದು ಮನೆಗಳಲ್ಲಿ ಹೇಳಿದ್ದರು. ದೊಡ್ಡೀರಪ್ಪನವರು ಬಂದು ನೋಡಿದರು, ಮುಖ ಬೂದಿಯಾಯಿತು. ಉಳಿಸಲು ಕಾವು ಕೊಟ್ಟರೆ ಕಡಗ ಹೇಳುತ್ತದೆ. ಕೊಡದೆ ಅವರು ಸತ್ತರೆ ಹತ್ತು ವರ್ಷ ಇದೇ ಕಾನೂನು.

"ಮಧ್ಯಾಹ್ನ ಒಂದೇ ಒಂದು ಗಂಟೆ ತಿರುಗಿಸ್ತೀನಿ ಕಣೆ," ಎಂದು ಮಾದಪ್ಪ ಪಿಸುಗುಟ್ಟಿದರು. "ಕೇರಿಗೆಲ್ಲ ಬರೋ ಕಾವು, ಇವರೊಬ್ಬರಿಗೇ ಕೊಟ್ಟಂಗೆ ಆಗ್ತದಾ?"

"ನಮ್ಮ ಕೇರಿ ಒಂದೇ ಊರಾ? ಮಿಕ್ಕ ಹದಿಮೂರು ಕೇರಿಗೆ?" ಎಂದೆ. ಹಾಗೆ ಹೇಳಿದವಳೇ, ಅವರು ಊಟಕ್ಕೆ ಕೂತಾಗ, ಮನೆಯ ಹಿಂದಿನ ಕವಾಟದ ಗೂಡಿಗೆ ಹೋದೆ. ಚಕ್ರದ ಮೇಲೆ ಕೈ ಇಟ್ಟೆ. ಕಬ್ಬಿಣ ಅಂಗೈಗೆ ಅಂಟಿಕೊಳ್ಳುವಷ್ಟು ತಣ್ಣಗಿತ್ತು. ಒಳಗಿಂದ ಸರ್ವಮಂಗಳಮ್ಮನ ಕೆಮ್ಮು ಕೇಳುತ್ತಿತ್ತು. ಕಾಲು ಸುತ್ತು ತಿರುಗಿಸಿದ್ದರೂ ಸಾಕಾಗಿತ್ತು. ಆಗ ಎದುರು ಮನೆಯ ಜಾಣಕ್ಕನ ಮಗು ಕೆಮ್ಮಿತು. ಅದರ ಆಚೆಯ ಮನೆಯಲ್ಲಿ ಇನ್ನೊಬ್ಬರು. ಆ ಹಗಲಿನಲ್ಲಿ ಕಿವಿಗೊಟ್ಟು ನಿಂತರೆ ಇಡೀ ಊರೇ ಕೆಮ್ಮುತ್ತಿತ್ತು. ಕೈ ಕಿತ್ತುಕೊಂಡೆ. ಬೆರಳಿನ ಚರ್ಮ ಸ್ವಲ್ಪ ಅಲ್ಲೇ ಉಳಿಯಿತು.

ನಮ್ಮಲ್ಲಿ ಒಂದು ರೂಢಿ ಇದೆ. ಯಾರಾದರೂ ತೀರ ಹಾಸಿಗೆ ಹಿಡಿದರೆ, ಕಾವು ಇಲ್ಲದ ಹೊತ್ತಿನಲ್ಲಿ ಕೇರಿಯವರು ಬಂದು ಆ ಕೋಣೆಯಲ್ಲಿ ಒತ್ತೊತ್ತಾಗಿ ಕೂರುತ್ತಾರೆ. ಹತ್ತು ಮೈ ಸೇರಿದರೆ ಕೋಣೆಗೆ ಜೀವ ಬರುತ್ತದೆ. ಮೈಕಾವು ಅನ್ನುತ್ತೇವೆ. ಸಾಕವ್ವನ ಮೊಮ್ಮಗಳಿಗೂ ಹಾಗೆ ಕೂತಿದ್ದೆವು. ಊರಿನ ರೋಗಿಗೆ ಊರು ಮಾಡುವುದನ್ನು ವಾಸದವರಿಗೂ ಮಾಡಬಹುದು ಎಂಬ ಸಾಲೊಂದನ್ನು ದೊಡ್ಡೀರಪ್ಪ ಕಟ್ಟಳೆಯಲ್ಲಿ ತಡಕಾಡಿ ಹುಡುಕಿದರು. "ಆದರೆ ಕಡಗ ಓದೋಕೆ ಬರೋ ಅಮಲ್ದಾರರು ಒಪ್ತಾರೋ ಬಿಡ್ತಾರೋ," ಎಂದರು. ಒಪ್ಪುವುದು ಆಮೇಲಿನ ಮಾತು. ಕೂರಲು ಬರುವವರು ಯಾರು?

ಮನೆ ಮನೆಗೆ ಹೋದೆ. ಜಾಣಕ್ಕ, "ನನ್ನ ಮಗೂನ ಬಿಟ್ಟು ಅವಳಿಗೆ ಮೈ ಕೊಡ್ಲಾ?" ಎಂದಳು. ಒಬ್ಬರು ಕದ ತೆರೆಯಲೇ ಇಲ್ಲ. ಇನ್ನೊಬ್ಬರು, "ಎತ್ತಿದ ಕೈ ಅವಳನ್ನ ಕಾಯ್ಲಿ," ಎಂದರು. ಕೊನೆಗೆ ಸಾಕವ್ವನ ಮನೆ. ನಾನು ಕೇಳುವ ಮೊದಲೇ ಅವಳು ಕದ ತೆರೆದಳು. ಅವಳೇ, "ಕೇಳಿಸ್ತದೆ ಕೆಮ್ಮು. ಗೊತ್ತು, ಹೋಗು," ಎಂದು ಬಾಗಿಲು ಹಾಕಿಕೊಂಡಳು. ಅವತ್ತು ಕೂತವರು ನಾನು, ಮಾದಪ್ಪ, ಜೊತೆಗೆ ವೈದ್ಯರು. ಮೂರು ಮೈಗೆ ಆ ಕೋಣೆ ಬೆಚ್ಚಗಾಗುವುದೆಂದರೇನು. ಸರ್ವಮಂಗಳಮ್ಮನ ತುಟಿ ನೀಲಿಯಾಗತೊಡಗಿತು. ಸಂಜೆ ಆರು ಯಾವಾಗ ಆದೀತೋ ಎಂದು ನಾನು ಗೋಡೆಯ ಕೊಳವೆಯನ್ನೇ ನೋಡುತ್ತಿದ್ದೆ.

ಮರುದಿನ ಬೆಳಿಗ್ಗೆ ಎಂಟಕ್ಕೆ ಬಾಗಿಲು ತಟ್ಟಿದ ಸದ್ದಾಯಿತು. ಸಾಕವ್ವ ಚಾಪೆ ಹಿಡಿದು ನಿಂತಿದ್ದಳು. ಹಿಂದೆ ಅವಳ ಮಗ, ಸೊಸೆ, ಜಾಣಕ್ಕ, ಜಾಣಕ್ಕನ ಸೊಂಟದಲ್ಲಿ ಮಗು. ಒಟ್ಟು ಒಂಬತ್ತು ಜನ. "ಪ್ರೀತಿಗೆ ಬಂದಿಲ್ಲ ಕಣೆ," ಎಂದಳು ಒಳಗೆ ಬರುತ್ತಲೇ. "ಇವಳು ಬದುಕಿ ಹೋಗಿ ಅಲ್ಲಿ ಹೇಳ್ಬೇಕು. ಸತ್ತರೆ ಯಾರು ಹೇಳ್ತಾರೆ?" ಹಾಸಿಗೆಗೆ ಬೆನ್ನು ಆನಿಸಿ, ಮುಖ ಗೋಡೆಗೆ ತಿರುಗಿಸಿ ಕೂತಳು. ಮಿಕ್ಕವರು ಅವಳ ಪಕ್ಕ ಒತ್ತಿಕೊಂಡು ಕೂತರು. ಮಧ್ಯಾಹ್ನದ ಹೊತ್ತಿಗೆ ಗೋಡೆಯ ಹೆಪ್ಪು ಕರಗಿ ನೀರು ಜಾರಿತು. ಹಾಗೆ ಒಂಬತ್ತು ದಿನ, ಸರದಿಯಲ್ಲಿ, ಬೇರೆ ಕೇರಿಯವರೂ ಬಂದು ಕೂತರು. ಐದನೆಯ ದಿನ ಸರ್ವಮಂಗಳಮ್ಮ ಕಣ್ಣು ತೆರೆದು, ತಮ್ಮ ಪಕ್ಕದಲ್ಲಿ ಯಾರ ಬೆನ್ನಿದೆ ಎಂದು ಗುರುತಿಸಿ, ಮತ್ತೆ ಕಣ್ಣು ಮುಚ್ಚಿದರು. ಮುಚ್ಚಿದ ರೆಪ್ಪೆಯಿಂದ ನೀರು ಇಳಿಯುತ್ತಿತ್ತು. ಸಾಕವ್ವ ತಿರುಗಿ ನೋಡಲಿಲ್ಲ, ಎದ್ದೂ ಹೋಗಲಿಲ್ಲ.

ವರ್ಷದ ಕೊನೆಗೆ ವಾಸದ ಅಮಲ್ದಾರರು ಬಂದರು. ನಡು ಮನೆಯಲ್ಲಿ ಕೂತು ಕಡಗಕ್ಕೆ ಒಂದು ಸಲಕರಣೆ ಹಿಡಿದು ಓದುತ್ತಾ ಹೋದರು. ಎಂಟನೆಯ ತಿಂಗಳಿಗೆ ಬಂದಾಗ ಅವರ ಬೆರಳು ನಿಂತಿತು. "ಈ ಒಂಬತ್ತು ಹಗಲು ಕಾವು ಏರಿದೆ. ಕವಾಟ ನಿಮ್ಮ ಮನೆಯಲ್ಲೇ ಇದೆ ಅಲ್ಲವಾ?" ಎಂದು ಮಾದಪ್ಪನನ್ನು ನೋಡಿದರು. ನಾನು ಮೈಕಾವಿನ ವಿಷಯ ಹೇಳಿದೆ. "ಮನೆಯವರ ಮಾತು ಸಾಕ್ಷಿಗೆ ಬರೋದಿಲ್ಲಮ್ಮ. ಬೇರೆಯವರು ಹೇಳಬೇಕು," ಎಂದರು. ಬಾಗಿಲಲ್ಲಿ ಗುಂಪು ಸೇರಿತ್ತು. ಸಾಕವ್ವ ದಾರಿ ಬಿಡಿಸಿಕೊಂಡು ಮುಂದೆ ಬಂದಳು. "ನಾನು ಕೂತಿದ್ದೆ ಸ್ವಾಮಿ. ನನ್ನ ಮೊಮ್ಮಗೂಗೂ ಹಿಂಗೇ ಕೂತಿದ್ವಿ. ಅದು ಉಳೀಲಿಲ್ಲ, ಇವರು ಉಳಿದ್ರು. ಇವರಿಗೆ ಹೆಚ್ಚು ಸಿಕ್ಕಿದ್ದು ಅಷ್ಟೇ. ಬರ್ಕೊಳ್ಳಿ," ಎಂದಳು. ಅಮಲ್ದಾರರು ಅದನ್ನು ಬರೆದುಕೊಂಡರು. ಆಮೇಲೆ ಸಲಕರಣೆ ಮುಚ್ಚಿ, ಸರಿ ಎಂದು ಮುದ್ರೆ ಒತ್ತಿದರು.

ಹೊರಡುವ ದಿನ ಹಡಗಿನ ಬಳಿ ನಾನು ತಡೆಯಲಾರದೆ ಕೇಳಿಯೇ ಬಿಟ್ಟೆ. "ಏನ್ ಮಾಡ್ತೀರಿ ಅಮ್ಮ?" ಸರ್ವಮಂಗಳಮ್ಮ ನನ್ನ ಕೈ ಹಿಡಿದುಕೊಂಡರು. "ಇಲ್ಲಿ ನಿಂತರೆ ಒಂದು ಕಾಣುತ್ತೆ, ನಮ್ಮ ಊರು ನೆನೆದರೆ ಇನ್ನೊಂದು. ನನಗೇ ಗೊತ್ತಿಲ್ಲ ಚೆಲುವಾ. ಸುಳ್ಳು ಹೇಳಿ ಹೋಗಲಾರೆ," ಎಂದರು. ಅಷ್ಟೇ.

ಮಹಾಸಭೆಯ ದನಿ ನಮ್ಮ ಊರು ತಲುಪಲು ಹನ್ನೊಂದು ದಿನ ಬೇಕು. ಮತ ನಡೆದ ದಿನ ನಮಗೆ ಗೊತ್ತು. ಏನಾಯಿತು ಎಂಬುದು ಗೊತ್ತಿಲ್ಲ. ಆಗಿ ಹೋದ ಮಾತಿಗೆ ಹನ್ನೊಂದು ದಿನ ಕಾಯುವುದಿದೆಯಲ್ಲ, ಅದು ಆಗಲಿರುವ ಮಾತಿಗೆ ಕಾಯುವುದಕ್ಕಿಂತ ಕಷ್ಟ. ದೇವರಿಗೆ ಹರಕೆ ಹೊತ್ತರೂ ಅವನು ಏನು ಮಾಡಿಯಾನು, ಕೈ ಎದ್ದಾಗಿದೆ ಅಥವಾ ಇಳಿದಾಗಿದೆ. ಊರಿನಲ್ಲಿ ಜಗಳ ಹೆಚ್ಚಾಯಿತು. ಹನ್ನೊಂದನೆಯ ದಿನ ಊರಸಭೆಯ ಅಂಗಳದ ಧ್ವನಿಪೆಟ್ಟಿಗೆಯ ಮುಂದೆ ಎಲ್ಲರೂ ಕಂಬಳಿ ಹೊದ್ದು ನಿಂತೆವು. ಒಂದೊಂದು ಹೆಸರು, ಒಂದೊಂದು ಉತ್ತರ. "ಎತ್ತಿದ್ದೇನೆ." "ಇಳಿಸಿದ್ದೇನೆ." "ಎತ್ತಿದ್ದೇನೆ." ದೊಡ್ಡೀರಪ್ಪ ಗೋಡೆಯ ಮೇಲೆ ಸುಣ್ಣದ ಗೀಟು ಎಳೆಯುತ್ತಿದ್ದರು. ಸರ್ವಮಂಗಳಮ್ಮನ ಹೆಸರು ಕೂಗಿದಾಗ ಏನೂ ಕೇಳಿಸಲಿಲ್ಲ. ಪೆಟ್ಟಿಗೆ ಕೆಟ್ಟಿತೇ ಎಂದು ಯಾರೋ ಗುದ್ದಿದರು. ಆಮೇಲೆ ಅವರ ದನಿ ಬಂತು. "ಎರಡೂ ಊರು ಉಳಿಯುವ ದಾರಿ ಇದ್ದರೆ ಅದನ್ನು ಮೊದಲು ಮಾತಾಡೋಣ ಎಂದು ಕೇಳಿಕೊಳ್ಳುತ್ತೇನೆ." ಸಭಾಪತಿಯ ದನಿ: "ಎತ್ತಿದ್ದೀರೋ ಇಳಿಸಿದ್ದೀರೋ?" "ಇಳಿಸಿದ್ದೇನೆ." ಎರಡೇ ಗೀಟಿನ ಅಂತರದಲ್ಲಿ ಕಾನೂನು ಬಿತ್ತು.

ಅಂಗಳ ಕುಣಿಯಿತು. ಸಾಕವ್ವ ನೆಲಕ್ಕೆ ಕೂತು ಅತ್ತಳು. ಹತ್ತು ದಿನದಲ್ಲಿ ಹದಿನಾರು ಗಂಟೆ ಕಾವು ಮರಳಿ ಬಂತು, ಹಗಲಿನಲ್ಲೂ ಕೊಳವೆ ಟಕ್ ಟಕ್ ಎಂದಿತು. ಆ ಬೆಚ್ಚನೆಯಲ್ಲಿ ಕೂತರೆ ನನಗೆ ಮಾತ್ರ ಸರ್ವಮಂಗಳಮ್ಮನ ಊರೇ ನೆನಪು. ಅಲ್ಲಿ ಯಂತ್ರ ನಿಂತಿರುತ್ತದೆ. ಯಾರ ಮನೆಯಲ್ಲಿ ಎಷ್ಟು ಕೊಡ?

ಆ ತಿಂಗಳೇ ನಮ್ಮ ಗಂಗಾಂಬಿಕೆ ವಾಸ ಮುಗಿಸಿ ಊರಿಗೆ ಬಂದರು. ಮಂಜುಗಡ್ಡೆಯ ಕಾನೂನಿಗೆ ಅವರು ಎರಡನೆಯ ಸಲ ಕೈ ಎತ್ತುವುದೋ ಇಳಿಸುವುದೋ ಮುಂದಿನ ತಿಂಗಳು. ದೊಡ್ಡೀರಪ್ಪನ ಮನೆಗೂ ಹೋಗದೆ ನೇರ ನಮ್ಮಲ್ಲಿಗೆ ಬಂದರು. ಗುರುತು ಸಿಗಲಿಲ್ಲ, ಮುಖ ಬಿರುಕು ಬಿಟ್ಟ ನೆಲದ ಹಾಗಿತ್ತು. ಚೊಂಬಿನ ತುಂಬ ನೀರು ಕೊಟ್ಟೆ. ಎರಡು ಗುಟುಕು ಕುಡಿದು, ತಟ್ಟೆ ಮುಚ್ಚಿ ಪಕ್ಕಕ್ಕಿಟ್ಟರು. "ಸಂಜೆಗಾಗ್ತದೆ." "ಇಲ್ಲಿ ನೀರಿಗೇನು ಬರ ಗಂಗಮ್ಮ, ಕುಡೀರಿ," ಎಂದೆ. "ಗೊತ್ತು ಕಣೆ. ಕೈ ಕೇಳೋದಿಲ್ಲ," ಎಂದರು. ಸರ್ವಮಂಗಳಮ್ಮ ಕೈ ಇಳಿಸಿದ ಸುದ್ದಿ ಅವರದೇ ಊರು ತಲುಪಿದ ದಿನ, ಜನ ಒಡೆದ ಕೊಡಗಳನ್ನು ತಂದು ಅವರ ಮನೆ ಬಾಗಿಲಿಗೆ ಸುರಿದರಂತೆ. ಅವರಿನ್ನೂ ಊರು ಸೇರಿರಲಿಲ್ಲ. "ಊರು ಬೇಡ ಅಂದ್ರೂ ಇಳಿಸೋ ಅಧಿಕಾರ ನಂಗದೆ," ಎಂದರು ಗಂಗಾಂಬಿಕೆ. "ಆದ್ರೆ ಕೇಳದೆ ಇಳಿಸಿದ್ರೆ, ನನ್ನ ತೆಗೆದು ಇನ್ನೊಬ್ಬರನ್ನ ಕಳಿಸ್ತೀರಿ. ಅವರು ಹೋಗಿ ಮತ್ತೆ ಎತ್ತುತ್ತಾರೆ. ನಾಳೆ ಸಭೇಲಿ ಕೇಳ್ತೀನಿ. ಒಂದು ಕೈಯಾದ್ರೂ ಮೊದಲು ಏಳ್ಬೇಕಲ್ಲ ಚೆಲುವಾ."

ಮರುದಿನ ಸಭೆಯಲ್ಲಿ ಮುನ್ನೂರ ಎಂಬತ್ತು ಜನ. ಕಾನೂನಿಗೆ ಕೈ ಇಳಿಸಿ, ಮೊದಲು ಕಳಿಸುತ್ತಿದ್ದ ಮಂಜುಗಡ್ಡೆಯ ಮೂರರಲ್ಲಿ ಒಂದು ಪಾಲು ಕಳಿಸಬಹುದೇ, ಒಪ್ಪುವವರು ಕೈ ಎತ್ತಿ ಎಂದು ಗಂಗಾಂಬಿಕೆ ಕೇಳಿದಾಗ ಬೈಗುಳದ ಮಳೆಯೇ ಸುರಿಯಿತು. ಮೊಮ್ಮಕ್ಕಳಿಗೆ ಏನು ಉಳಿಸುತ್ತೀರಿ ಎಂದು ಒಬ್ಬರು, ಆ ಊರಿನವರು ನೀರು ಕುಡಿಸಿ ನಿಮ್ಮ ಮತ ಕೊಂಡರು ಎಂದು ಇನ್ನೊಬ್ಬರು. ನನ್ನ ಕೈ ಎದ್ದಿತು. ನಾನೇ ಎತ್ತಿದೆನೋ ಅದೇ ಎದ್ದಿತೋ. ಮುಂದಿನ ಸಾಲಿನಲ್ಲಿ ನಿಂತಿದ್ದೆ. ಹಿಂದೆ ತಿರುಗಿ ನೋಡುವ ಧೈರ್ಯ ಬರಲಿಲ್ಲ. ಪಕ್ಕದಲ್ಲಿ ಮಾದಪ್ಪ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನೆಲ ನೋಡುತ್ತಿದ್ದರು. ದೊಡ್ಡೀರಪ್ಪ ಎಣಿಸತೊಡಗಿದರು. ಇಪ್ಪತ್ತಕ್ಕೆ ನಿಲ್ಲುತ್ತದೆ ಅಂದುಕೊಂಡೆ. ಐವತ್ತಾಯಿತು. ಸೋತ ತೋಳನ್ನು ಇನ್ನೊಂದು ಕೈಯಿಂದ ಎತ್ತಿ ಹಿಡಿದೆ. ನೂರಾಯಿತು, ಅವರ ದನಿ ಬದಲಾಯಿತು. ಒಮ್ಮೆ ತಪ್ಪಿ ಮತ್ತೆ ಮೊದಲಿಂದ ಎಣಿಸಿದರು. ಕೊನೆಗೆ ನೂರ ತೊಂಬತ್ತಾರು ಎಂದರು. ಬೇಕಾಗಿದ್ದದ್ದು ನೂರ ತೊಂಬತ್ತೊಂದು.

ಮನೆಗೆ ಬರುವ ದಾರಿಯಲ್ಲಿ ಮಾದಪ್ಪ ನನ್ನ ಮುಂದೆ ನಡೆಯುತ್ತಿದ್ದರು. ಕೇರಿಯ ತಿರುವಿನಲ್ಲಿ ನಿಂತು, "ನಾಳೆ ಇದರಿಂದ ಪೆಟ್ಟು ನಮಗೇ ಬಿದ್ರೆ? ಕೈ ಎತ್ತಿದ್ದೂ ನಾವೇ. ವಾಸಕ್ಕೆ ಬರೋರು ಯಾರು?" ಎಂದು ಕೇಳಿದರು.

"ನಾವು ಇಲ್ಲೇ ವಾಸಕ್ಕಿದ್ದೀವಲ್ಲ," ಎಂದೆ.